ದೊಡ್ಡ ಆಟಗಾರರೇ ಮುರಿಯುವ ತತ್ವಗಳನ್ನು ನಾವೇಕೆ ಕಲಿಯಬೇಕು?

ಚದುರಂಗ ಕಲಿಸುವ ನನಗೆ ಮಕ್ಕಳಿಂದಲೂ ದೊಡ್ಡವರಿಂದಲೂ ಪದೇ ಪದೇ ಎದುರಾಗುವ ಪ್ರಶ್ನೆಯಿದು: "ಕಾಯಿಗಳನ್ನು ಬೇಗ ಹೊರಗೆ ತನ್ನಿ, ನಡುವಿನ ಮನೆಗಳನ್ನು ಹಿಡಿಯಿರಿ, ರಾಜನನ್ನು ಭದ್ರಪಡಿಸಿ ಎನ್ನುತ್ತೀರಿ. ದೊಡ್ಡ ಆಟಗಾರರು ಇವನ್ನೆಲ್ಲ ಮುರಿದೂ ಗೆಲ್ಲುತ್ತಾರಲ್ಲ? ಸರಿಯಾಗಿ ಲೆಕ್ಕ ಹಾಕುವುದನ್ನು ಕಲಿತರೆ ಸಾಲದೇ?"

ಸಾಲದು. ಬಿಳಿಯ ಮೊದಲ ನಡೆಗೇ 20 ದಾರಿಗಳಿವೆ. ಇಬ್ಬರೂ ಎರಡೆರಡು ಸಲ ಆಡುವಷ್ಟರಲ್ಲಿ ಆಟ 1,97,281 ಬಗೆಯಲ್ಲಿ ಸಾಗಿರಬಹುದು. ಇಷ್ಟನ್ನೂ ತಡಕಾಡಿ ಒಂದನ್ನು ಆರಿಸುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಲೆಕ್ಕ ಶುರುವಾಗುವ ಮೊದಲೇ ಯಾವ ಕಡೆ ನೋಡಬೇಕೆಂದು ಯಾರಾದರೂ ಹೇಳಬೇಕು. ತತ್ವ ಮಾಡುವುದು ಆ ಕೆಲಸವನ್ನೇ.

1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಅಮೆರಿಕದ ಆಟಗಾರ ಪಾಲ್ ಮಾರ್ಫಿ ಬಿಳಿಯ ಕಾಯಿಗಳಿಂದ ಆಡಿದ ಆಟವನ್ನು ನಾನು ಎಲ್ಲರಿಗೂ ತೋರಿಸುತ್ತೇನೆ. ಎದುರಿಗೆ ಕೂಡಿ ಯೋಚಿಸುತ್ತಿದ್ದ ಇಬ್ಬರು ಶ್ರೀಮಂತರು. ಎಂಟನೆಯ ನಡೆಯಲ್ಲಿ ಮಾರ್ಫಿಯ ರಾಣಿಗೆ ಒಂದು ಕಾಲಾಳು ಬಿಟ್ಟಿ ಸಿಗುತ್ತಿತ್ತು. ಹೊಡೆದಿದ್ದರೆ ಕಪ್ಪು ರಾಣಿ ಶಹ ಕೊಟ್ಟು (ಅಂದರೆ ರಾಜನ ಮೇಲೆ ನೇರ ದಾಳಿ ಮಾಡಿ) ರಾಣಿಗಳ ವಿನಿಮಯಕ್ಕೆ ಒತ್ತಾಯಿಸುತ್ತಿತ್ತು. ಒಂದು ಕಾಲಾಳಿನ ಲಾಭದೊಡನೆ ಆಟ ನಿಧಾನವಾಗಿ ಎಳೆಯುತ್ತಿತ್ತು. ಅದೂ ಒಳ್ಳೆಯ ನಡೆಯೇ. ಮಾರ್ಫಿ ಅದನ್ನು ಬಿಟ್ಟು ಇನ್ನೊಂದು ಕುದುರೆಯನ್ನು ಹೊರಗೆ ತಂದ. ಒಂಬತ್ತು ನಡೆಗಳ ನಂತರ ಚೆಕ್‌ಮೇಟ್! ಆ ಹೊತ್ತಿಗೆ ಮಾರ್ಫಿಯ ರಾಣಿ ಹೋಗಿತ್ತು, ಕುದುರೆಗಳೆರಡೂ ಹೋಗಿದ್ದವು. ರಾಜ ಮತ್ತು ಕಾಲಾಳುಗಳನ್ನು ಬಿಟ್ಟರೆ ಉಳಿದದ್ದು ಒಂದು ಆನೆ, ಒಂದು ಒಂಟೆ. ಎರಡೂ ದಾಳಿಯಲ್ಲಿದ್ದವು. ಕಪ್ಪಿನ ಕಡೆ ರಾಜನ ಪಕ್ಕದ ಒಂಟೆ ಮತ್ತು ಆನೆ ಆಟದುದ್ದಕ್ಕೂ ಕುಳಿತಲ್ಲಿಂದ ಕದಲಲೇ ಇಲ್ಲ. ಕಾಯಿಗಳ ಎಣಿಕೆಗಿಂತ ಅವು ಮಾಡುತ್ತಿರುವ ಕೆಲಸ ಮುಖ್ಯ ಎಂಬುದಕ್ಕೆ ಇದಕ್ಕಿಂತ ಚೆಲುವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ಮುರಿಯುವ ವಿಷಯ. ಆನೆಗೆ ಐದು ಅಂಕ, ಒಂಟೆಗೂ ಕುದುರೆಗೂ ಮೂರು ಎಂದು ಎಲ್ಲರಿಗೂ ಕಲಿಸುತ್ತೇವೆ. 1953ರ ಜ್ಯೂರಿಕ್ ಟೂರ್ನಿಯಲ್ಲಿ ಅಮೆರಿಕದ ರೆಷೆವ್ಸ್ಕಿಯ ವಿರುದ್ಧ ಮುಂದೆ ವಿಶ್ವ ಚಾಂಪಿಯನ್ ಆದ ಟೈಗ್ರಾನ್ ಪೆಟ್ರೋಸಿಯಾನ್ ತನ್ನ ಆನೆಯನ್ನು ಎದುರಾಳಿಯ ಒಂಟೆಯ ಬಾಯಿಗೇ ಇಟ್ಟ. ರೆಷೆವ್ಸ್ಕಿಯ ಬಿಳಿಯ ಕಾಲಾಳುಗಳು ನಡುವಿನಲ್ಲಿ ನುಗ್ಗಲು ಸಜ್ಜಾಗಿದ್ದವು. ಅವುಗಳ ಮುಂದೆ ಕುದುರೆಯೊಂದನ್ನು ಯಾರೂ ಅಲುಗಾಡಿಸದಂತೆ ನಿಲ್ಲಿಸಲು ದಾರಿ ಬೇಕಿತ್ತು. ಆನೆ ಹೋಯಿತು, ಕುದುರೆ ಬಂದು ನಿಂತಿತು, ಬಿಳಿಯ ದಾಳಿ ಅಲ್ಲಿಗೇ ನಿಂತಿತು. ಆಟ ಡ್ರಾ ಆಯಿತು. ಪೆಟ್ರೋಸಿಯಾನ್ ಒಂದು ತತ್ವವನ್ನು ಬಿಟ್ಟದ್ದು ಇನ್ನೊಂದನ್ನು ಹಿಡಿಯಲಿಕ್ಕೆ. ಆನೆಯ ಬೆಲೆ ತಿಳಿಯದವನು ಅದೇ ನಡೆ ಆಡಿದ್ದರೆ ಅದನ್ನು ಕಣ್ತಪ್ಪು ಎನ್ನುತ್ತಿದ್ದೆವು.

ಹಾಗಾಗಿ ನನ್ನ ವಿದ್ಯಾರ್ಥಿಗಳಿಗೆ ತತ್ವ ಮುರಿಯಬೇಡಿ ಎಂದು ನಾನು ಹೇಳುವುದಿಲ್ಲ. ಏನನ್ನು ಬಿಡುತ್ತಿದ್ದೀರಿ, ಬದಲಿಗೆ ಏನು ಸಿಗುತ್ತದೆ ಎಂದು ಕೇಳುತ್ತೇನೆ. "ಚೆನ್ನಾಗಿ ಕಂಡಿತು" ಎಂಬ ಉತ್ತರ ಬಂದರೆ ಇನ್ನೊಮ್ಮೆ ಯೋಚಿಸಲು ಹೇಳುತ್ತೇನೆ.

ಹಲಗೆಯ ಆಚೆಗೂ ಇದು ನಡೆಯುತ್ತದೆಯೇ ಎಂದು ಕೆಲವರು ಮುಂದುವರಿಸಿ ಕೇಳುತ್ತಾರೆ. ಎಚ್ಚರಿಕೆಯಿಂದ ಹೇಳುವುದಾದರೆ, ನಡೆಯುತ್ತದೆ. ಚದುರಂಗದಲ್ಲಿ ಎಲ್ಲವೂ ಇಬ್ಬರ ಕಣ್ಣೆದುರೇ ಇರುತ್ತದೆ, ಫಲಿತಾಂಶವೂ ಬೇಗ ತಿಳಿಯುತ್ತದೆ. ಉದ್ಯೋಗ, ವ್ಯಾಪಾರ, ಸಂಸಾರಗಳಲ್ಲಿ ಅರ್ಧ ಹಲಗೆ ಕಾಣಿಸುವುದೇ ಇಲ್ಲ. ಲೆಕ್ಕ ಅಲ್ಲಿ ಇನ್ನೂ ಬೇಗ ಸೋಲುತ್ತದೆ. 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಜ್ ಕಲಿಸಿದ್ದನ್ನೇ ನೋಡಿ: ಮೇಲುಗೈ ಇಲ್ಲದೆ ದಾಳಿಗಿಳಿಯಬೇಡ, ಮೇಲುಗೈ ಇದ್ದರೆ ದಾಳಿ ಮಾಡಲೇಬೇಕು, ಸುಮ್ಮನಿದ್ದರೆ ಅದು ಕರಗಿಹೋಗುತ್ತದೆ. ಮೊದಲರ್ಧವನ್ನು ಜನ ಬೇಗ ಒಪ್ಪುತ್ತಾರೆ. ಎರಡನೆಯದು ಕಷ್ಟ. ಕೈಯಲ್ಲಿ ಅನುಕೂಲವಿದ್ದಾಗಲೇ ಕೆಲಸ ಬದಲಿಸುವ, ಸಂಬಳ ಹೆಚ್ಚಿಸಲು ಕೇಳುವ, ಹೊಸದನ್ನು ಆರಂಭಿಸುವ ಮಾತನ್ನು ಮುಂದೂಡುವವರನ್ನು ನಾನು ಬಹಳ ನೋಡಿದ್ದೇನೆ.