ಲೆಕ್ಕಕ್ಕೆ ಸಿಗದವನು

ರಾತ್ರಿ ನಿದ್ದೆ ಬರದೆ ಡೀಕನ್ ಜೋನ್ಸ್‌ನ ಹಳೇ ವಿಡಿಯೋ ನೋಡ್ತಾ ಕೂತಿದ್ದೆ. ಅಮೆರಿಕನ್ ಫುಟ್‌ಬಾಲ್ ನನಗೆ ಅರ್ಧಂಬರ್ಧ ಅರ್ಥ, ಆದರೆ ಈ ಮನುಷ್ಯನನ್ನ ನೋಡೋಕೆ ನಿಯಮ ಗೊತ್ತಿರಬೇಕಿಲ್ಲ. 1961ರಲ್ಲಿ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡ ಇವನನ್ನ ಆರಿಸಿದ್ದು ಹೊಸ ಆಟಗಾರರ ಆಯ್ಕೆಯ 14ನೇ ಸುತ್ತಲ್ಲಿ. ಎದುರಿನವನ ಹೆಲ್ಮೆಟ್‌ಗೆ ಅಂಗೈಯಿಂದ ಫಟಾರ್ ಅಂತ ಬಾರಿಸಿ, ಅವನು ಸಾವರಿಸಿಕೊಳ್ಳೋದರೊಳಗೆ ಚೆಂಡು ಎಸೆದು ಆಟ ನಡೆಸೋ ಕ್ವಾರ್ಟರ್‌ಬ್ಯಾಕ್ ಮೇಲೆ ಬಿದ್ದಿರ್ತಿದ್ದ. (ಆ ಏಟನ್ನ 1977ರಲ್ಲಿ ನಿಷೇಧಿಸಿದರು. ಮಾಡದೆ ಇನ್ನೇನು!) ಹಾಗೆ ಕೆಡವೋದಕ್ಕೆ 'ಸ್ಯಾಕ್' ಅನ್ನೋ ಹೆಸರು ಚಾಲ್ತಿಗೆ ತಂದವನೂ ಇವನೇ ಅಂತಾರೆ. ತಮಾಷೆ ನೋಡಿ, ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಸ್ಯಾಕ್‌ಗಳ ಲೆಕ್ಕ ಇಡೋಕೆ ಶುರು ಮಾಡಿದ್ದು 1982ರಲ್ಲಿ. ಇವನ ಕೊನೇ ಸೀಸನ್ 1974. ಅಧಿಕೃತ ಪಟ್ಟಿಯಲ್ಲಿ ಇವನದ್ದು ಒಂದೂ ಇಲ್ಲ.

ನಮ್ಮಜ್ಜಿ ಜೀವಮಾನದಲ್ಲಿ ತಟ್ಟಿದ ರೊಟ್ಟಿ ಎಷ್ಟಿರಬಹುದು ಅಂತ ಯಾಕೋ ಯೋಚನೆ ಬಂತು. ಮಲಗಿದಾಗ ಎರಡೂವರೆ.