ಬರೆದಿದ್ದೆಲ್ಲ ಜನ, ನೀವೇನು ಮಾಡಿದ್ರಿ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ನಾವು ಎರಡು ಬೋರ್ಡ್ ನಿಲ್ಲಿಸುತ್ತೇವೆ, ಜನರೇ ಸೇರಿ ಮಾಡುವ ಕಲೆ ಇದು. ಒಂದಕ್ಕೆ ಜನ ತಮ್ಮ ಆಸೆ ಬರೆದು ಚುಚ್ಚಬೇಕು, ಇನ್ನೊಂದಕ್ಕೆ ಭಯ. ವಾಕಿಂಗ್ ಮುಗಿಸಿದ ಅಂಕಲ್ ಒಬ್ಬರು ಕೈ ಹಿಂದೆ ಕಟ್ಟಿಕೊಂಡು ಬಂದು, ಇದ್ದಬದ್ದ ಚೀಟಿಯನ್ನೆಲ್ಲ ಓದಿ, ಕೊನೆಗೆ ಕೇಳುತ್ತಾರೆ: "ಅಲ್ಲಮ್ಮ, ಬರೆದಿದ್ದೆಲ್ಲ ಜನ. ಇದ್ರಲ್ಲಿ ನೀನೇನು ಮಾಡ್ದೆ?" ಗಮನಿಸಿ, ಎಲ್ಲ ಓದಿ ಮುಗಿಸಿದ ಮೇಲೆ. ಅರ್ಧ ಗಂಟೆ ನಿಲ್ಲಿಸಿಕೊಂಡಿದ್ದು ಯಾರು ಸಾರ್?

ಕಲಾವಿದ ಬಾದಲ್ ನಂಜುಂಡಸ್ವಾಮಿ 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಗೆ ಮೊಸಳೆ ಬೊಂಬೆ ತಂದಿಟ್ಟರು. ಅಲ್ಲಿ ಮೊಸಳೆಯಾದರೂ ಕಾಣುತ್ತಿತ್ತು. ನನ್ನ ಹತ್ತಿರ ಇರುವುದು ಖಾಲಿ ಚೀಟಿ, ದಾರ ಕಟ್ಟಿದ ಪೆನ್ನು. (ಕಟ್ಟದಿದ್ದರೆ ಪೆನ್ನು ಮನೆ ಸೇರುತ್ತೆ, ನನ್ನ ಮನೆಯನ್ನಲ್ಲ.)

ಇದು ನಾನು ಹುಟ್ಟುಹಾಕಿದ್ದೂ ಅಲ್ಲ. 2011ರಲ್ಲಿ ಅಮೆರಿಕದ ನ್ಯೂ ಆರ್ಲಿನ್ಸ್‌ನಲ್ಲಿ ಕ್ಯಾಂಡಿ ಚಾಂಗ್ ಎಂಬಾಕೆ, ಆಪ್ತರೊಬ್ಬರನ್ನು ಕಳೆದುಕೊಂಡ ಮೇಲೆ, ಪಾಳುಮನೆಯ ಗೋಡೆಯನ್ನು ಕರಿಹಲಗೆ ಮಾಡಿ 'ಸಾಯೋದ್ರೊಳಗೆ ನನಗೆ…' ಎಂಬರ್ಥದ ಅರ್ಧ ವಾಕ್ಯ ಬರೆದು ಮುಂದೆ ಜಾಗ ಬಿಟ್ಟರು. ಅದು 70ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು. 2018ರಲ್ಲಿ ನ್ಯೂಯಾರ್ಕಿನ ರೂಬಿನ್ ಮ್ಯೂಸಿಯಂನಲ್ಲಿ ಜೇಮ್ಸ್ ರೀವ್ಸ್ ಜೊತೆ ಸೇರಿ ಆಸೆ, ಆತಂಕ ಎರಡನ್ನೂ ಕೇಳಿದಾಗ 50,000ಕ್ಕೂ ಹೆಚ್ಚು ಚೀಟಿ ಬಂದವು. ಆಕೆ ಮಾಡಿದ್ದು ಆ ಅರ್ಧ ವಾಕ್ಯ. ಸುಲಭ ಅನ್ನಿಸಿದರೆ ನೀವೊಂದು ಮಾಡಿ ನೋಡಿ.

'ನಿಮ್ಮ ಭಯ ಏನು?' ಅಂತ ಬರೆದಿಟ್ಟರೆ ಜಿರಳೆ, ಹೆಂಡತಿ, ಸಿಲ್ಕ್ ಬೋರ್ಡ್ ಎಂದು ಗೀಚಿ ಸೆಲ್ಫಿ ತಗೊಂಡು ಹೋಗುತ್ತಾರೆ. 'ರಾತ್ರಿ ನಿದ್ದೆ ಹತ್ತದಿದ್ದರೆ ಏನು ತಲೆಗೆ ಬರುತ್ತೆ?' ಅಂದರೆ ಪೆನ್ನು ಹಿಡಿದು ನಿಂತುಬಿಡುತ್ತಾರೆ. ಬಾಡಿಗೆ, ಲೇಆಫ್, ಅಪ್ಪನ ಬಯಾಪ್ಸಿ ರಿಪೋರ್ಟ್. ಆಸೆಯ ಬೋರ್ಡಿಗೆ ಮೊದಲು ಬಂದವನು 'ಈ ಸಲ ಕಪ್ ನಮ್ದೇ' ಅಂತ ಚುಚ್ಚಿದರೆ ಮುಗೀತು, ಆಮೇಲೆ ಬಂದವರೆಲ್ಲ ಅದನ್ನೇ ಬರೆಯುತ್ತಾರೆ. 2025ರಲ್ಲಿ ಕಪ್ ಬಂದ ಮೇಲೂ ಚಟ ಹೋಗಿಲ್ಲ. ಆ ಚೀಟಿಯನ್ನು ಸದ್ದಿಲ್ಲದೆ ಕೆಳಗಿನ ಮೂಲೆಗೆ ಸರಿಸುವವಳು ನಾನು.

ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: ಬೋರ್ಡಿಗೆ ಏರದ ಚೀಟಿಗಳ ಕಥೆ ಏನು? ಜೋಳ ಸುಡುವ ಅಕ್ಕ ಒಬ್ಬರು, "ನಂಗೆ ಬರಿಯಕ್ಕೆ ಬರಲ್ಲ ಕಣಮ್ಮ, ನೀನೇ ಬರ್ಕೊ" ಅಂದರು. ಮಗ ಬೈಕಿನಲ್ಲಿ ಡೆಲಿವರಿ ಮಾಡ್ತಾನೆ. "ಹತ್ತು ನಿಮಿಷಕ್ಕೆ ತಲುಪಬೇಕಂತೆ. ಫೋನ್ ಬಂದ್ರೂ ಭಯ, ಬರ್ದಿದ್ರೂ ಭಯ." ಬರೆದೆ. ಪಿನ್ನು ಚುಚ್ಚಲು ಹೋದಾಗ ಕೈ ಹಿಡಿದರು.

"ಅವ್ನೂ ಈ ಕಡೆ ಬತ್ತಾನೆ. ಓದ್ಬಿಟ್ರೆ?"

"ಅಕ್ಷರ ನಂದಲ್ವಾ ಅಕ್ಕ, ಗೊತ್ತಾಗಲ್ಲ."

"ಮಾತು ನಂದೇ ಅಲ್ವಾ, ಗೊತ್ತಾಯ್ತದೆ."

ಚೀಟಿ ಮಡಚಿ ಅವರಿಗೇ ಕೊಟ್ಟೆ. ಫೋಟೋ ಇಟ್ಟುಕೊಂಡಿಲ್ಲ, ಪ್ರದರ್ಶನಕ್ಕೆ ಬೇಕು ಅಂತ ಯಾರೂ ಫೋನ್ ಮಾಡಬೇಡಿ. ಅಂದ ಹಾಗೆ ಅವರು ಜೋಳ ಮಾರುವವರಲ್ಲ, ಗುರುತು ಸಿಗದಿರಲಿ ಅಂತ ಬದಲಿಸಿದ್ದೇನೆ. ಪಾರ್ಕಿನಲ್ಲಿ ಹುಡುಕಿಕೊಂಡು ಹೋಗಬೇಡಿ.