ದಡಕ್ಕನೆ ಎದ್ದಾಗ

ಡಿಸೆಂಬರಲ್ಲಿ ಮೂಡಿಗೆರೆ ಹತ್ತಿರ ಅತ್ತೆಯ ತೋಟಕ್ಕೆ ಹೋಗಿದ್ದೆ. ಕಾಫಿ ಕೊಯ್ಲು. ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಉದುರಿದ ಹಣ್ಣು ಆರಿಸುತ್ತಿದ್ದೆ, ಯಾರೋ ಕರೆದರು ಅಂತ ದಡಕ್ಕನೆ ಎದ್ದೆ, ಅಷ್ಟೇ, ಕಣ್ಣಿಗೆ ಕತ್ತಲೆ ಕವಿಯಿತು. ಪಕ್ಕದ ಸಿಲ್ವರ್ ಮರ ಹಿಡಿದುಕೊಂಡೆ. ಐದಾರು ಸೆಕೆಂಡಿಗೆ ಎಲ್ಲ ಸರಿಹೋಯಿತು. "ತಿಂಡಿ ತಿನ್ನದೆ ಬಂದರೆ ಇನ್ನೇನಾಗುತ್ತೆ" ಅಂದರು ಅತ್ತೆ. ತಿಂದಿದ್ದೆ, ಮೂರು ಅಕ್ಕಿರೊಟ್ಟಿ!

ತಲೆ ಸುತ್ತಿದ್ದು ದೊಡ್ಡದಲ್ಲ, ಅಷ್ಟು ಬೇಗ ಸರಿಹೋಗಿದ್ದೇ ಸೋಜಿಗ. ಎದ್ದು ನಿಂತರೆ ಸುಮಾರು ಅರ್ಧ ಲೀಟರ್ ರಕ್ತ ಕಾಲು, ಹೊಟ್ಟೆ ಕಡೆ ಇಳಿದುಬಿಡುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕುತ್ತಿಗೆಯ ಕ್ಯಾರೋಟಿಡ್ ನಾಳದಲ್ಲಿ ಒತ್ತಡ ಅಳೆಯುವ ನರತುದಿಗಳಿವೆ. ಒತ್ತಡ ಇಳಿದರೆ ಅವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ನಮ್ಮನ್ನು ಕೇಳದೆ ತಾವಾಗಿ ಕೆಲಸ ಮಾಡುವ ಸಿಂಪಥೆಟಿಕ್ ನರಗಳಿಗೆ ಅಪ್ಪಣೆ ಬರುತ್ತದೆ. ನರದ ತುದಿಯಿಂದ ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕ ಸುರಿಯುತ್ತದೆ, ಸಣ್ಣ ರಕ್ತನಾಳಗಳ ಸ್ನಾಯು ಬಿಗಿಯಾಗುತ್ತದೆ.

ತೋಟಕ್ಕೆ ಸ್ಪ್ರಿಂಕ್ಲರ್ ಬಿಟ್ಟವರಿಗೆ ಇದು ಗೊತ್ತಿರುವ ವಿಷಯವೇ. ಮೇಲಿನ ಲೈನಿಗೆ ನೀರು ಏರದಿದ್ದರೆ ಹೊಸ ಮೋಟರು ತರುವುದಿಲ್ಲ, ಕೆಳಗಿನ ಗೇಟ್‌ವಾಲ್ವ್ ಒಂಚೂರು ತಿರುಗಿಸುತ್ತೇವೆ. ಒಂಚೂರು ಸಾಕು. ಒತ್ತಡ ಅಷ್ಟೇ ಇದ್ದು ನಾಳದ ಅಗಲ ಅರ್ಧವಾದರೆ ಹರಿವು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಅವತ್ತು ಬೆಳಿಗ್ಗೆ ತೊಟ್ಟಿ ನೀರಿಗೆ ಕೈ ಹಾಕಿದಾಗ ಬೆರಳ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು, ಉಗುರು ಒತ್ತಿ ಬಿಟ್ಟರೆ ಕೆಂಪು ವಾಪಸ್ ಬರಲು ಎಷ್ಟು ಹೊತ್ತು! ಅದೂ ಇದೇ ನರಗಳ ಕೆಲಸ. 1850ರ ದಶಕದ ಆರಂಭದಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಮೊಲದ ಕುತ್ತಿಗೆಯಲ್ಲಿ ಈ ನರ ಕತ್ತರಿಸಿದರೆ ನಾಳ ಸಡಿಲವಾಗಿ ಆ ಕಡೆಯ ಕಿವಿ ಬಿಸಿಯಾಯಿತು. ಪಾಪದ ಮೊಲ.

ಮಿದುಳಿನ ಲೆಕ್ಕವೇ ಬೇರೆ. ಕುತ್ತಿಗೆಯ ಮೇಲ್ಭಾಗದ ನರಗಂಟಿನಿಂದ ಅಲ್ಲಿಗೂ ಸಿಂಪಥೆಟಿಕ್ ನರ ಹೋಗುತ್ತದೆ, ಆದರೆ ಅದರ ಮಾತು ಅಷ್ಟಾಗಿ ನಡೆಯುವುದಿಲ್ಲ. ಮೈತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳಿಗೆ ಹೃದಯ ಕಳಿಸುವ ರಕ್ತದಲ್ಲಿ ನೂರಕ್ಕೆ 15ರಷ್ಟು ಬೇಕು, ಅದನ್ನೂ ಬೆರಳಿನ ಹಾಗೆ ಹಿಂಡಿದರೆ ಗತಿ ಏನು ಅಲ್ವಾ? ಬಿಪಿ ಸ್ವಲ್ಪ ಏರಿಳಿದರೂ ಅದು ತನ್ನ ಪಾಲನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಅಲ್ಲಿ ಜಾಸ್ತಿ ದರ್ಬಾರು ಕಾರ್ಬನ್ ಡೈಆಕ್ಸೈಡ್‌ನದು. ಅದು ಏರಿದರೆ ನಾಳ ಹಿಗ್ಗುತ್ತದೆ, ಇಳಿದರೆ ಕುಗ್ಗುತ್ತದೆ. ಗಾಬರಿಯಲ್ಲಿ ಬುಸುಬುಸು ಉಸಿರಾಡಿದರೆ ಅದು ಜಾಸ್ತಿ ಹೊರಹೋಗುತ್ತದೆ, ತಲೆ ತೇಲಿದಂತಾಗುವುದು ಅದಕ್ಕೇ.

ಇದನ್ನೆಲ್ಲ ಅತ್ತೆಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಸರಿ, ಹಣ್ಣು ತೂಕ ಹಾಕಬೇಕು, ನಿಧಾನಕ್ಕೆ ಎದ್ದು ಬಾ" ಅಂದರು.